ಹೃದಯವು ಉಳಿದ ಅಂಗಗಳೊಡನೆ ಆಡುವ ಮಾತು

(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)



ಕಾಸರಗೋಡಿನ ಈ ಮಣ್ಣಿನಲ್ಲಿ ನೂರು ವರ್ಷಗಳಿಂದ ಕನ್ನಡದಲ್ಲಿ ಪಾಠ ಹೇಳುತ್ತ ಬಂದಿರುವ ಶಾಲೆಯ ಉತ್ಸವದಲ್ಲಿ ವಿಜ್ಞಾನದ ಒಂದು ವಿಷಯವನ್ನು ಕುರಿತು ಮಾತನಾಡಬೇಕೆಂದು ಸಮಿತಿಯವರು ಅಪೇಕ್ಷಿಸಿದರು. ಹೃದಯವು ದೇಹದ ಉಳಿದ ಅಂಗಗಳೊಡನೆ ಹೇಗೆ ಸಂಪರ್ಕವಿಟ್ಟುಕೊಳ್ಳುತ್ತದೆ ಎಂಬುದನ್ನು ನಾವು ಆರಿಸಿಕೊಂಡೆವು. ಇದು ಪಠ್ಯಪುಸ್ತಕದ ವಿಷಯವೂ ಹೌದು, ನಮ್ಮ ಮನೆಗಳ ಹಿರಿಯರ ಪ್ರಾಣದ ವಿಷಯವೂ ಹೌದು.

ಹೃದಯವೆಂದರೆ ರಕ್ತವನ್ನು ಹರಿಸುವ ಪಂಪು ಎಂದು ನಾವೆಲ್ಲರೂ ಶಾಲೆಯಲ್ಲಿ ಕಲಿತಿದ್ದೇವೆ. ರಕ್ತವು ದೇಹದಲ್ಲಿ ಸುತ್ತಿ ಬರುತ್ತದೆಂದು ಇಂಗ್ಲೆಂಡಿನ ವಿಲಿಯಂ ಹಾರ್ವೆ 1628ರಲ್ಲಿ ಪ್ರಕಟಿಸಿದಂದಿನಿಂದ ಈ ತಿಳಿವಳಿಕೆ ನೆಲೆಗೊಂಡಿದೆ. ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯವು ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಹರಿಸುತ್ತದೆ; ದಿನಕ್ಕೆ ಸುಮಾರು ಒಂದು ಲಕ್ಷ ಸಲ ಮಿಡಿಯುತ್ತದೆ. ಆದರೆ ಅಡಿಕೆ ತೋಟದ ಪಂಪಿಗೆ ತೋಟ ನೆನೆದಿದೆಯೋ ಒಣಗಿದೆಯೋ ತಿಳಿಯದು. ಹೃದಯಕ್ಕೆ ತಿಳಿಯುತ್ತದೆ. ಅದು ಕ್ಷಣಕ್ಷಣವೂ ಕೇಳಿಸಿಕೊಳ್ಳುತ್ತದೆ, ಹೇಳಿಯೂ ಕಳುಹಿಸುತ್ತದೆ. ಈ ಸಂವಾದಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ: ಒಂದು ನರ, ಇನ್ನೊಂದು ರಕ್ತ.

ಮೊದಲು ನರದ ದಾರಿಯನ್ನು ನೋಡೋಣ. ಮಿಡಿತವು ಮೆದುಳಿನ ಅಪ್ಪಣೆಯಿಂದ ಹುಟ್ಟುವುದಲ್ಲ. ಬಲ ಹೃತ್ಕರ್ಣದ ಗೋಡೆಯಲ್ಲಿರುವ ಪುಟ್ಟದೊಂದು ಅಂಗಾಂಶದಲ್ಲಿ ತಾನಾಗಿ ಹುಟ್ಟುತ್ತದೆ. ತನ್ನ ಪಾಡಿಗೆ ಬಿಟ್ಟರೆ ಅದರ ಗತಿ ನಿಮಿಷಕ್ಕೆ ಸುಮಾರು ನೂರು. ಮೆದುಳಿನಿಂದ ಇಳಿದುಬರುವ ವೇಗಸ್ ನರವು ಸದಾ ತಡೆಹಿಡಿಯುತ್ತಿರುವುದರಿಂದ ಎಪ್ಪತ್ತರ ಆಸುಪಾಸಿನಲ್ಲಿ ನಿಲ್ಲುತ್ತದೆ. ಓಡುವಾಗ, ಅಂಜಿದಾಗ ಸಿಂಪಥೆಟಿಕ್ ನರಗಳು ಅದನ್ನು ತ್ವರೆಗೊಳಿಸುತ್ತವೆ. ಗಮನಿಸಬೇಕಾದ ಸಂಗತಿಯೆಂದರೆ, ವೇಗಸ್ ನರದ ತಂತುಗಳಲ್ಲಿ ಹೆಚ್ಚಿನವು ಮೆದುಳಿನ ಆಜ್ಞೆಯನ್ನು ತರುವಂಥವಲ್ಲ. ಹೃದಯ, ಶ್ವಾಸಕೋಶ, ಜಠರ ಮೊದಲಾದವುಗಳ ಸಮಾಚಾರವನ್ನು ಮೆದುಳಿಗೆ ಒಯ್ಯುವಂಥವು.

ಮಲಗಿದ್ದವರು ಎದ್ದು ನಿಂತಾಗ ಅರ್ಧ ಲೀಟರಿಗೂ ಮಿಕ್ಕಿ ರಕ್ತವು ಹೊಟ್ಟೆ, ಕಾಲುಗಳ ಕಡೆಗೆ ಇಳಿಯುತ್ತದೆ. ಕುತ್ತಿಗೆಯ ಅಪಧಮನಿಗಳಲ್ಲಿಯೂ ಮಹಾಪಧಮನಿಯ ಕಮಾನಿನಲ್ಲಿಯೂ ಇರುವ ಗ್ರಾಹಕಗಳು ಒತ್ತಡ ಕುಗ್ಗಿದ್ದನ್ನು ಕೂಡಲೇ ಮೆದುಳಿಗೆ ತಿಳಿಸುತ್ತವೆ; ಕೆಲವೇ ಸೆಕೆಂಡುಗಳಲ್ಲಿ ಹೃದಯದ ಗತಿ ಏರುತ್ತದೆ, ರಕ್ತನಾಳಗಳು ಬಿಗಿಯುತ್ತವೆ. ವಯಸ್ಸಾದಂತೆ ಈ ಸಂದೇಶವ್ಯವಸ್ಥೆ ನಿಧಾನವಾಗುತ್ತದೆ. ಅಜ್ಜ ಅಜ್ಜಿಯರು ಹಾಸಿಗೆಯಿಂದ ಥಟ್ಟನೆ ಏಳದೆ ತುಸು ಹೊತ್ತು ಕುಳಿತು ಏಳಬೇಕೆನ್ನುವುದು ಇದಕ್ಕಾಗಿಯೇ.

ನರವು ಹೇಳಿದ್ದು ಹೃದಯಕ್ಕೆ ಹೇಗೆ ತಲುಪುತ್ತದೆ? ಗ್ರಾಜ್ ನಗರದ ವಿಜ್ಞಾನಿ ಓಟೋ ಲೋವಿ 1921ರಲ್ಲಿ ಪ್ರಕಟಿಸಿದ ಪ್ರಯೋಗವು ಇದಕ್ಕೆ ಉತ್ತರ ಕೊಟ್ಟಿತು. ಅವರು ಕಪ್ಪೆಯ ಹೃದಯವೊಂದರ ವೇಗಸ್ ನರವನ್ನು ಪ್ರಚೋದಿಸಿ ಅದರ ಮಿಡಿತವನ್ನು ನಿಧಾನಗೊಳಿಸಿದರು. ಅದನ್ನು ತುಂಬಿದ್ದ ದ್ರವವನ್ನು ಮತ್ತೊಂದು ಕಪ್ಪೆಯ ಹೃದಯಕ್ಕೆ ವರ್ಗಾಯಿಸಿದಾಗ, ಯಾವ ನರವನ್ನೂ ಮುಟ್ಟದೆಯೇ, ಅದೂ ನಿಧಾನವಾಯಿತು. ನರವು ಒಂದು ರಾಸಾಯನಿಕವನ್ನು ಸ್ರವಿಸಿ ಸಂದೇಶ ಮುಟ್ಟಿಸುತ್ತದೆಂದು ಇದರಿಂದ ಸಿದ್ಧವಾಯಿತು. ಅದೇ ಅಸಿಟೈಲ್‌ಕೋಲಿನ್. ಈ ಶೋಧಕ್ಕಾಗಿ 1936ರ ನೊಬೆಲ್ ಪ್ರಶಸ್ತಿಯನ್ನು ಲೋವಿಯವರು ಹೆನ್ರಿ ಡೇಲ್ ಅವರೊಡನೆ ಹಂಚಿಕೊಂಡರು.

ಇನ್ನು ರಕ್ತದ ದಾರಿ. ಅಡ್ರಿನಲಿನ್‌ನಂಥ ಹಾರ್ಮೋನುಗಳು ರಕ್ತದ ಮೂಲಕ ಹೃದಯಕ್ಕೆ ಬಂದು ಮುಟ್ಟುತ್ತವೆಂಬುದು ಹಿಂದೆಯೇ ತಿಳಿದಿತ್ತು. ಹೃದಯವೂ ಹಾರ್ಮೋನು ಕಳುಹಿಸುತ್ತದೆ ಎಂಬುದು ಖಚಿತವಾದದ್ದು 1981ರಲ್ಲಿ. ಕೆನಡಾದ ಅಡಾಲ್ಫೋ ಡಿ ಬೋಲ್ಡ್ ಮತ್ತು ಸಂಗಡಿಗರು ಇಲಿಯ ಹೃತ್ಕರ್ಣದಿಂದ ತೆಗೆದ ಸಾರವನ್ನು ಬೇರೆ ಇಲಿಗಳಿಗೆ ಚುಚ್ಚಿದಾಗ, ಸ್ವಲ್ಪ ಹೊತ್ತಿನಲ್ಲೇ ಅವುಗಳ ಮೂತ್ರವೂ ಅದರೊಡನೆ ಹೊರಹೋಗುವ ಲವಣವೂ ಬಹಳ ಹೆಚ್ಚಿದವು. ರಕ್ತದ ಪ್ರಮಾಣ ಏರಿ ಹೃತ್ಕರ್ಣದ ಗೋಡೆ ಹಿಗ್ಗಿದಾಗ ಈ ಹಾರ್ಮೋನು ಹೊರಡುತ್ತದೆ. ಉಪ್ಪನ್ನೂ ನೀರನ್ನೂ ಹೊರಹಾಕುವಂತೆ ಮೂತ್ರಪಿಂಡಗಳಿಗೆ ತಿಳಿಸುತ್ತದೆ. ಹೃತ್ಕರ್ಣವೆಂಬ ಶಬ್ದದಲ್ಲಿ ಕಿವಿಯಿದೆ. ಆಕಾರವನ್ನು ನೋಡಿ ಇಟ್ಟ ಹೆಸರಾದರೂ ಅದು ಅನ್ವರ್ಥವಾಗಿದೆ. ಆ ಕೋಣೆ ನಿಜವಾಗಿಯೂ ಆಲಿಸುತ್ತದೆ.

ಈ ಸಂವಾದ ಕೆಟ್ಟರೆ ಏನಾಗುತ್ತದೆ? ಹೃದಯ ದುರ್ಬಲವಾದಾಗ ಮೂತ್ರಪಿಂಡಗಳಿಗೆ ಬರುವ ರಕ್ತ ಕಡಿಮೆಯಾಗುತ್ತದೆ. ದೇಹದಲ್ಲಿ ನೀರು ಕಡಿಮೆಯಾಗಿದೆಯೆಂದು ಅವು ತಪ್ಪಾಗಿ ಗ್ರಹಿಸಿ ಉಪ್ಪನ್ನೂ ನೀರನ್ನೂ ಹಿಡಿದಿಡುತ್ತವೆ. ಹೃದಯವು ಬೇಡವೆಂದು ತನ್ನ ಹಾರ್ಮೋನನ್ನು ಹೆಚ್ಚು ಹೆಚ್ಚು ಕಳುಹಿಸಿದರೂ ಅದರ ಪರಿಣಾಮ ಸಾಲದೆ ಹೋಗುತ್ತದೆ. ಆಗ ಪಾದಗಳು ಬಾತುಕೊಳ್ಳುತ್ತವೆ, ಮಲಗಿದರೆ ಉಸಿರು ಕಟ್ಟುತ್ತದೆ, ದಿಂಬಿನ ಮೇಲೆ ದಿಂಬು ಬೇಕಾಗುತ್ತದೆ. ಹೃತ್ಕುಕ್ಷಿಗಳಿಂದ ಹೊರಡುವ ಇದೇ ಬಗೆಯ ಇನ್ನೊಂದು ಹಾರ್ಮೋನನ್ನು ರಕ್ತದಲ್ಲಿ ಅಳೆದು ವೈದ್ಯರು ಹೃದಯ ಸೋಲುತ್ತಿದೆಯೇ ಎಂದು ತಿಳಿಯುತ್ತಾರೆ. ಇಂಥವರಿಗೆ ಕೊಡುವ ಮಾತ್ರೆಗಳಲ್ಲಿ ಹಲವು ಈ ಕೆಟ್ಟ ಸಂವಾದವನ್ನು ಸರಿಪಡಿಸುವಂಥವೇ. ಬಾವು ಇಳಿಯಿತೆಂದು ನಾವಾಗಿ ಅವನ್ನು ನಿಲ್ಲಿಸಬಾರದು. ಉಪ್ಪಿನಕಾಯಿ, ಹಪ್ಪಳ, ಒಣಮೀನುಗಳ ಉಪ್ಪನ್ನು ಮರೆಯಬಾರದು.

ಹೃದಯವು ನೋವನ್ನೂ ತನ್ನ ನೆಲೆಯಲ್ಲೇ ಹೇಳಬೇಕೆಂದಿಲ್ಲ. ಹೃದಯದ ನೋವನ್ನು ಒಯ್ಯುವ ನರಗಳೂ ಎಡತೋಳಿನ ಒಳಬದಿಯ ನರಗಳೂ ಬೆನ್ನುಹುರಿಯ ಒಂದೇ ಭಾಗವನ್ನು ಸೇರುವುದರಿಂದ ಮೆದುಳಿಗೆ ಮೂಲ ಸ್ಥಳ ಸ್ಪಷ್ಟವಾಗದು. ತೋಳು, ದವಡೆ, ಬೆನ್ನು, ಹೊಟ್ಟೆಯ ಮೇಲ್ಭಾಗ ನೋಯುತ್ತವೆ. ಸ್ತ್ರೀಯರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಎದೆನೋವೇ ಇಲ್ಲದೆ ಬರಿಯ ಬೆವರು, ಸುಸ್ತು, ಉಬ್ಬಸ ಕಾಣಿಸಬಹುದು. ಗ್ಯಾಸು ಎಂದು ಸೋಡಾ ಕುಡಿದು, ಬೆಳಗಾಗಲೆಂದು ಕಾಯುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಮುಚ್ಚಿದ ರಕ್ತನಾಳವನ್ನು ಬೇಗ ತೆರೆದಷ್ಟೂ ಹೃದಯದ ಸ್ನಾಯು ಹೆಚ್ಚು ಉಳಿಯುತ್ತದೆ. ತಡಮಾಡದೆ 108ಕ್ಕೆ ಕರೆಮಾಡಿ, ಇ.ಸಿ.ಜಿ. ಮಾಡಿಸಬೇಕು. 2020ರಲ್ಲಿ ತಲಪಾಡಿಯ ಗಡಿರಸ್ತೆ ಮುಚ್ಚಿದಾಗ ಆಸ್ಪತ್ರೆಯ ದಾರಿ ಎಷ್ಟು ಅಮೂಲ್ಯವೆಂಬುದನ್ನು ಈ ಜಿಲ್ಲೆ ಕಂಡುಂಡಿದೆ. ದಾರಿ ತೆರೆದಿರುವಾಗ ನಾವೇ ತಡಮಾಡುವುದು ತರವಲ್ಲ.

ಕೊನೆಯದಾಗಿ ಒಂದು ಮಾತು. ಮನೆಯಲ್ಲಿ ತುಳು, ಮಲಯಾಳ, ಕೊಂಕಣಿ, ಮರಾಠಿ ಆಡುವ ಮಕ್ಕಳೂ ಈ ಶಾಲೆಯಲ್ಲಿ ಹೃತ್ಕರ್ಣ, ಅಪಧಮನಿ, ಮೂತ್ರಪಿಂಡ ಎಂಬ ಶಬ್ದಗಳನ್ನು ಕನ್ನಡದಲ್ಲಿ ಕಲಿಯುತ್ತಾರೆ. ಆ ಶಬ್ದಗಳು ಪರೀಕ್ಷೆಯ ಅಂಕಗಳಲ್ಲಿಯೇ ಮುಗಿಯಬಾರದು. ಚಿಕಿತ್ಸೆಗೆಂದು ನಾವು ಮಂಗಳೂರಿಗೂ ಹೋಗುತ್ತೇವೆ, ಕಣ್ಣೂರಿಗೂ ಹೋಗುತ್ತೇವೆ; ಎಲ್ಲಿ ಹೋದರೂ ವೈದ್ಯರು ಕೇಳುವುದು ನೋವು ಎಲ್ಲಿ, ಎಂದಿನಿಂದ, ಎತ್ತ ಹರಡುತ್ತದೆ ಎಂದೇ. ಸ್ವಭಾಷೆಯಲ್ಲಿ ದೇಹವನ್ನು ಅರಿತ ಮಗು ಇದಕ್ಕೆ ಸರಿಯಾಗಿ ಉತ್ತರಿಸಬಲ್ಲದು, ಅಜ್ಜಿಯ ಪಾದದ ಬಾವನ್ನು ಮೊದಲು ಗುರುತಿಸಬಲ್ಲದು. ಇಂದು ಮನೆಗೆ ಹೋದ ಮೇಲೆ ಹೆತ್ತವರು ಹೃದಯದ ಈ ಪಾಠವನ್ನು ಮಕ್ಕಳಿಂದ ಹೇಳಿಸಿ ಕೇಳಬೇಕೆಂದೂ, ಗುರುಗಳು ಅದನ್ನು ಹಿರಿಯರ ಕಿವಿಗೂ ಮುಟ್ಟುವಂತೆ ಕಲಿಸಬೇಕೆಂದೂ ಪ್ರಾರ್ಥಿಸಿ, ಶಾಲೆಗೆ ಶುಭವನ್ನು ಹಾರೈಸಿ ವಿರಮಿಸುತ್ತೇವೆ.