ತೋಟದ ಬೀಜ, ಪೇಟೆಯ ಚಾಕೊಲೇಟು
(ಡೊಂಬಿವಲಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಠಾಣೆಯ ಹೆದ್ದಾರಿಯಲ್ಲಿ ಹೋಗುವಾಗ ‘ಕ್ಯಾಡ್ಬರಿ ಜಂಕ್ಷನ್’ ಎಂದು ಕಂಡಕ್ಟರ್ ಕೂಗುವುದನ್ನು ನಾವೆಲ್ಲರೂ ಕೇಳಿದ್ದೇವೆ. ಚಾಕೊಲೇಟಿನ ಕಾರ್ಖಾನೆಯಿಂದ ಆ ಕೂಡುರಸ್ತೆಗೆ ಬಂದ ಹೆಸರದು. ಅದನ್ನು ಕೇಳಿದಾಗಲೆಲ್ಲ ನನಗೆ ನೆನಪಾಗುವುದು ವಿಟ್ಲದ ಸಮೀಪದ ನಮ್ಮ ಅಡಿಕೆ ತೋಟ.

ಕ್ಯಾಡ್ಬರಿ ಸಂಸ್ಥೆಯು 1965ರಿಂದ ದಕ್ಷಿಣ ಭಾರತದಲ್ಲಿ ಕೋಕೋ ಕೃಷಿಗೆ ಪ್ರೋತ್ಸಾಹ ನೀಡತೊಡಗಿತು. ನೆರಳಿನಲ್ಲಿ ಬೆಳೆಯುವ ಗಿಡವಾದುದರಿಂದ ದಕ್ಷಿಣ ಕನ್ನಡ, ಕಾಸರಗೋಡುಗಳ ಕೃಷಿಕರು ಅಡಿಕೆ, ತೆಂಗಿನ ನಡುವೆ ಅದನ್ನು ನೆಟ್ಟರು. 1980ರ ಸುಮಾರಿಗೆ ಬೆಲೆ ಕುಸಿಯಿತು. ಕೊಳ್ಳುವವರು ಹಿಂದೆ ಸರಿದರು. ಆಗ ನಾನು ಪ್ರಾಥಮಿಕ ಶಾಲೆಯ ಹುಡುಗ. ಪೇಟೆಗೆ ಒಯ್ದ ಹಸಿ ಬೀಜದ ಬುಟ್ಟಿಯನ್ನು ತಂದೆಯವರು ಹಾಗೆಯೇ ಮರಳಿ ತಂದು ಅಡಿಕೆ ಮರದ ಬುಡಕ್ಕೆ ಸುರಿದರು. ಮುಂದಿನ ವಾರ ಗಿಡಗಳಿಗೆ ಕೊಡಲಿ ಬಿತ್ತು. ಬೀಜದ ಸುತ್ತಲಿನ ಬಿಳಿಯ ಲೋಳೆಯನ್ನು ಚೀಪಿದ್ದೆವೇ ಹೊರತು, ಅದರಿಂದಾದ ಚಾಕೊಲೇಟನ್ನು ನಾವು ಮಕ್ಕಳು ಕಂಡವರಲ್ಲ.

ಆ ಸಂಕಟದಲ್ಲಿ ಕೈಹಿಡಿದದ್ದು ಕ್ಯಾಂಪ್ಕೊ. ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಅಡಿಕೆಗಾಗಿ ಹುಟ್ಟಿದ ಈ ಸಹಕಾರಿ ಸಂಸ್ಥೆ ಕೋಕೋವನ್ನೂ ಕೊಳ್ಳತೊಡಗಿತು. 1986ರಲ್ಲಿ ಪುತ್ತೂರಿನಲ್ಲಿ ತನ್ನದೇ ಚಾಕೊಲೇಟು ಕಾರ್ಖಾನೆಯನ್ನು ತೆರೆಯಿತು. 1956ರಲ್ಲಿ ಎಳೆದ ಗಡಿಯು ಬೇರ್ಪಡಿಸಿದ ಎರಡು ರಾಜ್ಯಗಳ ಬೆಳೆಗಾರರು ಇಲ್ಲಿ ಒಂದೇ ಸಂಸ್ಥೆಯ ಸದಸ್ಯರು. ಹೊರನಾಡಿನಲ್ಲಿರುವ ನಾವು ಈ ಸಂಗತಿಯನ್ನು ಗಮನಿಸಬೇಕು.

ಆದರೂ ಒಂದು ಕೊರತೆ ಉಳಿಯಿತು. ಕೃಷಿಕನು ಮಾರುವುದು ಬಹುತೇಕ ಹಸಿ ಬೀಜವನ್ನೇ. ಚಾಕೊಲೇಟಿನ ರುಚಿಯ ಅರ್ಧ ಭಾಗ ಹುಟ್ಟುವುದು ಆ ನಂತರದ ಒಂದು ವಾರದಲ್ಲಿ. ಬೀಜವನ್ನು ಮರದ ಪೆಟ್ಟಿಗೆಯಲ್ಲೋ ಬುಟ್ಟಿಯಲ್ಲೋ ತುಂಬಿ, ಬಾಳೆಲೆ ಮುಚ್ಚಿ, ಐದಾರು ದಿನ ಹುದುಗಲು ಬಿಡಬೇಕು, ನಡುನಡುವೆ ಮಗುಚಬೇಕು. ಲೋಳೆಯ ಸಕ್ಕರೆ ಮೊದಲು ಮದ್ಯವಾಗಿ, ಬಳಿಕ ಹುಳಿಯಾಗುತ್ತದೆ. ರಾಶಿಯ ಒಳಗಿನ ಉಷ್ಣತೆ 45 ಡಿಗ್ರಿಯನ್ನು ದಾಟುತ್ತದೆ. ಬೀಜ ಸಾಯುವುದು ಆಗ, ಅದರೊಳಗೆ ಚಾಕೊಲೇಟಿನ ಪರಿಮಳಕ್ಕೆ ಬುನಾದಿ ಬೀಳುವುದೂ ಆಗಲೇ. ಹುದುಗದ ಬೀಜವನ್ನು ಎಷ್ಟು ಹುರಿದರೂ ಕಹಿ ಮತ್ತು ಒಗರು ಮಾತ್ರ. ಹುದುಗಿದ ಬಳಿಕ ಬಿಸಿಲಿನಲ್ಲಿ, ತೇವಾಂಶ ಶೇಕಡಾ 7ರ ಸುಮಾರಿಗೆ ಇಳಿಯುವವರೆಗೆ ಒಣಗಿಸಬೇಕು. ನಮ್ಮ ಕಡೆ ಫಸಲು ತುಂಬಿ ಬರುವ ಹೊತ್ತಿಗೇ ಮಳೆಗಾಲವೂ ಬರುತ್ತದೆ!

ಈಗ ಬೀಜದಿಂದ ಬಿಲ್ಲೆಯವರೆಗಿನ ಎಲ್ಲ ಕೆಲಸವನ್ನೂ ತಾವೇ ಮಾಡುವ ಸಣ್ಣ ತಯಾರಕರು ಬಂದಿದ್ದಾರೆ. ಮೈಸೂರಿನ ‘ಅರ್ಥ್ ಲೋಫ್’ 2012ರಲ್ಲಿ ಆರಂಭವಾಯಿತು; ಮುಂದೆ ಅದು ‘ನವಿಲುನಾ’ ಆಯಿತು. ಪುತ್ತೂರಿನ ಸುತ್ತ ಕೆಲವು ಕೃಷಿಕ ಕುಟುಂಬಗಳೂ ಮನೆಯಲ್ಲಿಯೇ ಕೈಹಾಕಿವೆ. ಹುರಿದು, ಸಿಪ್ಪೆ ತೂರಿ, ತಿರುಳನ್ನು ಒಂದೆರಡು ದಿನ ಎಡೆಬಿಡದೆ ಕಲ್ಲಿನಲ್ಲಿ ಅರೆಯುತ್ತಾರೆ. ತಿರುಳಿನ ಅರ್ಧದಷ್ಟು ಕೊಬ್ಬೇ ಆದುದರಿಂದ ನೀರಿಲ್ಲದೆ ತಾನೇ ದ್ರವವಾಗುತ್ತದೆ. ಅರೆಯುವ ಯಂತ್ರ ಯಾವುದೆಂದು ಬಲ್ಲಿರಾ? ನಮ್ಮ ದೋಸೆ ಹಿಟ್ಟಿನ ಗ್ರೈಂಡರಿನ ಸುಧಾರಿತ ರೂಪ. ಅಮೆರಿಕದ ಸಣ್ಣ ತಯಾರಕರೂ ಈ ಶತಮಾನದ ಆರಂಭದಲ್ಲಿ ಅದನ್ನೇ ಹಿಡಿದರು. ಈ ಸಭೆಯಲ್ಲಿರುವ ಹೋಟೆಲು ಉದ್ಯಮದ ಮಿತ್ರರಿಗೆ ಇದು ಸಂತೋಷದ ಸುದ್ದಿಯಾಗಬಹುದು.

ಇಂಥ ಚಾಕೊಲೇಟಿನ ಬೆಲೆ ಅಧಿಕವೆಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಈ ಸಣ್ಣ ತಯಾರಕರು ಇಡೀ ಜಿಲ್ಲೆಯ ಫಸಲನ್ನು ಕೊಳ್ಳಲಾರರು. ಅದಕ್ಕೆ ಸಹಕಾರಿ ಸಂಸ್ಥೆಯೇ ಬೇಕು. ಆದರೆ ಚೆನ್ನಾಗಿ ಹುದುಗಿಸಿ ಒಣಗಿಸಿದ ಬೀಜಕ್ಕೆ ಇವರು ಹೆಚ್ಚಿನ ಬೆಲೆ ತೆರುತ್ತಾರೆ. ಹುದುಗಿಸುವ ವಿದ್ಯೆ ತೋಟದಲ್ಲಿಯೇ ಉಳಿದರೆ, ಬುಟ್ಟಿ ಹೊತ್ತು ಪೇಟೆಗೆ ಹೋದವನು ಬರಿಗೈಯಲ್ಲಿ ಮರಳುವ ಭಯ ಅಷ್ಟು ಕಡಿಮೆ. ಒಣಬೀಜ ತಿಂಗಳುಗಟ್ಟಲೆ ಕೆಡದೆ ಇರುತ್ತದೆ, ಹಸಿ ಬೀಜ ಮರುದಿನಕ್ಕೆ ಉಳಿಯುವುದಿಲ್ಲ.

ಊರಿನಲ್ಲಿರುವ ನನ್ನ ತಮ್ಮ ತಂದೆಯವರು ಕಡಿದ ಜಾಗದಲ್ಲಿಯೇ ಮತ್ತೆ ನಲವತ್ತು ಗಿಡ ನೆಟ್ಟಿದ್ದಾನೆ. ಹೆಚ್ಚಿನದನ್ನು ಹಸಿಯಾಗಿಯೇ ಮಾರಿ, ಒಂದು ಪೆಟ್ಟಿಗೆಯಷ್ಟನ್ನು ತಾನೇ ಹುದುಗಿಸುತ್ತಾನೆ. ಕಳೆದ ಮಳೆಗಾಲದಲ್ಲಿ ಎಲ್ಲಕ್ಕೂ ಬೂಷ್ಟು ಹಿಡಿದು ಎಸೆಯಬೇಕಾಯಿತು. ಈ ವರ್ಷದ್ದು ಉಳಿದಿದೆ. ಅದರಿಂದ ಮಾಡಿದ ನಾಲ್ಕು ಬಿಲ್ಲೆಗಳು ಅಧ್ಯಕ್ಷರ ಮೇಜಿನ ಮೇಲಿವೆ. ಸ್ವಲ್ಪ ಹುಳಿ ಮುಂದಾಗಿದೆ, ತಾವೆಲ್ಲರೂ ಒಂದೊಂದು ಚೂರು ತೆಗೆದುಕೊಳ್ಳಬೇಕು.