ಗೋಪುರ ತೆರೆಯುವ ಮುನ್ನ



ಹಾನಗಲ್ಲ, ಶಿಗ್ಗಾವಿ, ಸವಣೂರ, ಹಿರೇಕೆರೂರ ಎಂದೊಡನೆ ಕಣ್ಣಿಗೆ ಕಟ್ಟುವುದು ಭತ್ತದ ಗದ್ದೆ, ಗೋವಿನಜೋಳದ ಹೊಲ, ಎಲೆಬಳ್ಳಿಯ ತೋಟ. ಆದರೆ ಈಗ ಶಿಗ್ಗಾವಿ ತಾಲ್ಲೂಕಿನ ಕೋಣನಕೇರಿಯಲ್ಲಿ ಸಕ್ಕರೆ ಮತ್ತು ಮದ್ಯಸಾರದ ಕಾರ್ಖಾನೆ ಇದೆ. ಹಾವೇರಿ ಪಕ್ಕದ ಸಂಗೂರಿನಲ್ಲಿ ಸಕ್ಕರೆ ಕಾರ್ಖಾನೆ ಇದೆ. ಪೆಟ್ರೋಲಿಗೆ ಶೇ. 20ರಷ್ಟು ಎಥನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿದ ಮೇಲೆ ಕಬ್ಬಿನ ಕಾಕಂಬಿಯಷ್ಟೇ ಅಲ್ಲ, ಗೋವಿನಜೋಳವೂ ಇಂಧನದ ಕಚ್ಚಾ ಸಾಮಗ್ರಿಯಾಗಿದೆ. ಐ.ಟಿ.ಐ., ಡಿಪ್ಲೊಮಾ ಮುಗಿಸಿದ ನಮ್ಮ ಹುಡುಗರು ಇಂಥ ಕಡೆ ಕೆಲಸಕ್ಕೆ ಹೋಗುತ್ತಾರೆ. ಕೆಲವರು ಮಂಗಳೂರಿನ ತೈಲ ಶುದ್ಧೀಕರಣ ಘಟಕದವರೆಗೂ ಹೋಗುತ್ತಾರೆ. ಈ ಮಾತು ಅವರಿಗೆ ಮತ್ತು ಅವರನ್ನು ಕಳಿಸಿ ದಾರಿ ಕಾಯುವ ಮನೆಯವರಿಗೆ.

ಇಂಥ ಕಾರ್ಖಾನೆಗಳಲ್ಲಿ ಎತ್ತರದ ಉಕ್ಕಿನ ಗೋಪುರಗಳನ್ನು ನೀವು ನೋಡಿರುತ್ತೀರಿ. ಒಂದರೊಡನೆ ಒಂದು ಬೆರೆತದ್ದನ್ನು ಬೇರ್ಪಡಿಸುವುದು ಅವುಗಳ ಕೆಲಸ. ಹುಳಿ ಬಂದ ರಸವನ್ನು ಮೊದಲು ಬಟ್ಟಿ ಇಳಿಸುವ ಗೋಪುರದಲ್ಲಿ ಸಾಮಾನ್ಯವಾಗಿ ತಟ್ಟೆಗಳೇ ಇರುತ್ತವೆ. ರಸದೊಳಗಿನ ಗಸಿ ಬೇರೆ ಯಾವುದನ್ನಾದರೂ ಬೇಗ ಕಟ್ಟಿಬಿಡುತ್ತದೆ. ಆದರೆ ಹುಳಿಯುವಾಗ ಮದ್ಯಸಾರದಷ್ಟೇ ತೂಕದ ಇಂಗಾಲಾಮ್ಲ ಅನಿಲವೂ ಹೊರಡುತ್ತದಲ್ಲ, ಅದರ ಜೊತೆ ಹಾರಿಹೋಗುವ ಸಾರವನ್ನು ನೀರಿನಿಂದ ತೊಳೆದು ಉಳಿಸಿಕೊಳ್ಳುವ ಗೋಪುರದಲ್ಲಿ ಉಂಗುರಗಳನ್ನು ತುಂಬುವುದುಂಟು. ಇದನ್ನೇ ಪ್ಯಾಕಿಂಗ್ ಎನ್ನುವುದು. ಮೇಲಿನಿಂದ ನೀರು ಇಳಿಯುತ್ತದೆ, ಕೆಳಗಿನಿಂದ ಅನಿಲ ಏರುತ್ತದೆ, ಉಂಗುರಗಳ ಮೈಮೇಲೆ ಎರಡೂ ಕೂಡುತ್ತವೆ.

ಮೈ ಎಂದರೆ ಎಷ್ಟು? ಒಂದೂವರೆ ಮೀಟರ್ ಅಗಲದ ಗೋಪುರದಲ್ಲಿ ನಾಲ್ಕು ಮೀಟರ್ ಎತ್ತರಕ್ಕೆ ತುಂಬಿದರೆ 7 ಘನ ಮೀಟರ್ ಆಗುತ್ತದೆ. 25 ಮಿಲಿಮೀಟರಿನ ಲೋಹದ ಪಾಲ್ ಉಂಗುರಗಳಾದರೆ ಸುಮಾರು ಮೂರೂವರೆ ಲಕ್ಷ ಹಿಡಿಯುತ್ತವೆ. ಅವುಗಳ ಮೈಯನ್ನೆಲ್ಲ ಬಿಚ್ಚಿ ಹಾಸಿದರೆ ಹತ್ತಿರ ಹತ್ತಿರ 14 ಗುಂಟೆ ಹೊಲ! ಅಷ್ಟು ಹೊಲದ ಮೇಲೆ ಗಸಿ, ಪಾಚಿ, ಗಡಸು ನೀರಿನ ಸುಣ್ಣ ಕೂತರೆ ಗೋಪುರ ಉಸಿರು ಕಟ್ಟುತ್ತದೆ.

ಅದು ತಟ್ಟನೆ ಕಟ್ಟುವುದಿಲ್ಲ, ಮುಂಚೆಯೇ ಹೇಳುತ್ತದೆ. ಪ್ಯಾಕಿಂಗಿನ ಕೆಳಗೂ ಮೇಲೂ ಇರುವ ಒತ್ತಡದ ಅಂತರವನ್ನು ಪಾಳಿಗೊಮ್ಮೆ ಬರೆದಿಡುವ ಪುಸ್ತಕವಿದ್ದರೆ ಸಾಕು. ಹರಿವು ಅಷ್ಟೇ ಇದ್ದು ಅಂತರ ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ಒಳಗೆ ಏನೋ ಕಟ್ಟುತ್ತಿದೆ ಎಂದರ್ಥ. ಅಂತರ ಏರದೆ ತೊಳೆತ ಮಾತ್ರ ಕೆಟ್ಟಿದ್ದರೆ ತಪ್ಪು ಉಂಗುರದ್ದಲ್ಲದಿರಬಹುದು. ನೀರು ಹಂಚುವ ತಟ್ಟೆ ಒಂದು ಕಡೆ ವಾಲಿರಬಹುದು. ಮಟ್ಟವಿಲ್ಲದ ಗದ್ದೆಯಲ್ಲಿ ನೀರು ಒಂದೇ ಮೂಲೆಗೆ ಓಡುವುದನ್ನು ಹಾನಗಲ್ಲಿನ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇದನ್ನು ನೋಡದೆ ಹೊಸ ಉಂಗುರ ಸುರಿದರೆ ಹಣ ನೀರಿಗೆ ಹೋದಂತೆ.

ಯಾವಾಗ ಬದಲಿಸಬೇಕು? ಕಬ್ಬು ಅರೆಯುವ ಹಂಗಾಮು ಬೇಸಿಗೆಯ ಹೊತ್ತಿಗೆ ಮುಗಿಯುತ್ತದೆ. ಜೂನ್ ಹಿಡಿದರೆ ಶಿಗ್ಗಾವಿ, ಹಾನಗಲ್ಲಿನ ಅರೆಮಲೆನಾಡಿನ ಮಳೆ. ಎತ್ತರದಲ್ಲಿ ನಿಂತು ಚೀಲ ಎಳೆಯುವವರ ಕಾಲು ಜಾರುತ್ತದೆ. ದೀಪಾವಳಿಯ ಸುಮಾರಿಗೆ ಹೊಸ ಗೋವಿನಜೋಳ ಪೇಟೆಗೆ ಬರುತ್ತದೆ. ಹಾಗಾಗಿ ಉಳಿಯುವುದು ಏಪ್ರಿಲ್, ಮೇ ತಿಂಗಳು. ಸಾಮಾನು ತಯಾರಾಗಿ ಬರಲು ತಿಂಗಳುಗಳು ಬೇಕು. ಆದ್ದರಿಂದ ದೀಪಾವಳಿಗೇ ಆದೇಶ ಹೋಗಿರಬೇಕು. ಉಂಗುರಗಳು ಸುರಿದ ಮೇಲೆ ಕುಸಿದು ಕೂರುತ್ತವೆ, ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚು ತರಿಸಬೇಕು. ಉಂಗುರ ಹೊರುವ ಜಾಲರಿ, ಬೋಲ್ಟು, ಬಾಗಿಲಿನ ಗ್ಯಾಸ್ಕೆಟ್ಟು ಸಹ ಕೈಯಲ್ಲಿರಬೇಕು. ಗೋಪುರ ತೆರೆದು ಕೂತಿರುವಾಗ ಒಂದು ಗ್ಯಾಸ್ಕೆಟ್ಟಿಗಾಗಿ ಹುಬ್ಬಳ್ಳಿಗೆ ಗಾಡಿ ಓಡಿಸುವುದು ಯೋಜನೆಯಲ್ಲ. ಆ ದಿನಗಳ ನಷ್ಟವನ್ನು ತುಂಬಲು ಆಮೇಲೆ ಅವಸರ ಮಾಡುತ್ತಾರೆ. ನನ್ನ ಆತಂಕ ಇರುವುದು ಆ ಅವಸರದ ಬಗ್ಗೆಯೇ.

ಏಕೆಂದರೆ ಉಂಗುರ ತೆಗೆಯಲು ಒಬ್ಬ ಮನುಷ್ಯ ಒಳಗೆ ಇಳಿಯಬೇಕಾಗುತ್ತದೆ. ನಮ್ಮ ಹಿರಿಯರಿಗೆ ಹಗೇವು ಗೊತ್ತು. ಜೋಳ ತುಂಬಿದ ಹಗೇವಿನ ಬಾಯಿ ತೆರೆದು, ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಕಾಳು ಉಸಿರಾಡಿ ಒಳಗಿನ ಆಮ್ಲಜನಕ ತೀರಿಸಿರುತ್ತದೆ, ಭಾರವಾದ ಇಂಗಾಲಾಮ್ಲ ತಳದಲ್ಲಿ ನಿಂತಿರುತ್ತದೆ. ಹುಳಿಯುವ ಮನೆಯ ಗೋಪುರದಲ್ಲೂ ಅದೇ ಅನಿಲ, ಅದೇ ಅಪಾಯ. ಆದರೆ ದೀಪದ ಉಪಾಯ ಇಲ್ಲಿ ನಡೆಯದು! ಮದ್ಯಸಾರದ ಆವಿ ಗಾಳಿಯಲ್ಲಿ ಶೇ. 3ರಿಂದ 4ರಷ್ಟಿದ್ದರೂ ಕಿಡಿಗೆ ಹೊತ್ತಿಕೊಳ್ಳುತ್ತದೆ. ಇಲ್ಲಿ ಮೀಟರೇ ಬೇಕು. ಮಾಮೂಲು ಗಾಳಿಯಲ್ಲಿ ಆಮ್ಲಜನಕ ಶೇ. 20.9, 19.5ಕ್ಕಿಂತ ಕಡಿಮೆ ತೋರಿಸಿದರೆ ಇಳಿಯಕೂಡದು. ಬಾಗಿಲ ಬಳಿ ಒಮ್ಮೆ ನೋಡಿದರೆ ಸಾಲದು, ಮೇಲೆ, ನಡುವೆ, ತಳದಲ್ಲಿ ನೋಡಬೇಕು. ಊಟಕ್ಕೆ ಹೋಗಿ ಬಂದ ಮೇಲೆ ಮತ್ತೆ ನೋಡಬೇಕು. ಗೋಪುರಕ್ಕೆ ಬರುವ ಪ್ರತಿಯೊಂದು ಕೊಳವೆಯನ್ನೂ ವಾಲ್ವ್ ತಿರುಗಿಸಿ ಮುಚ್ಚಿದರೆ ಸಾಲದು, ನಡುವೆ ತಗಡಿನ ಬಿಲ್ಲೆ ಹಾಕಿ ಕಡಿಯಬೇಕು.

ಇದೇನೂ ಹೊಸ ಮಾತಲ್ಲ. 1948ರ ಕಾರ್ಖಾನೆ ಕಾಯ್ದೆಯ 36ನೆಯ ಕಲಮಿನಲ್ಲೇ ಬರೆದಿತ್ತು: ಪರೀಕ್ಷಿಸಿದ ಅರ್ಹ ವ್ಯಕ್ತಿಯ ಲಿಖಿತ ಪತ್ರವಿರಬೇಕು, ಇಲ್ಲವೇ ಉಸಿರಾಟದ ಉಪಕರಣ ತೊಟ್ಟು, ಸೊಂಟಕ್ಕೆ ಹಗ್ಗದ ಬೆಲ್ಟು ಕಟ್ಟಿ, ಹಗ್ಗದ ತುದಿಯನ್ನು ಹೊರಗಿನವನ ಕೈಯಲ್ಲಿ ಕೊಟ್ಟು ಇಳಿಯಬೇಕು. ಮುಂದಿನ ಕಲಮು ಒಳಗೆ ಒಯ್ಯುವ ವಿದ್ಯುತ್ ದೀಪ 24 ವೋಲ್ಟ್ ಮೀರಬಾರದೆಂದಿತು.

ಪ್ಲಾಸ್ಟಿಕ್ ಉಂಗುರಗಳಿದ್ದರೆ ಮತ್ತೊಂದು ಎಚ್ಚರ. ಹಬೆ ಬಿಟ್ಟು ತೊಳೆಯಲು ಹೋದರೆ ಅವು ಮೆತ್ತಗಾಗಿ ಮುದ್ದೆಯಾಗುತ್ತವೆ. ಹೊರಗೆ ಬೆಸುಗೆ ಹಾಕುವಾಗ ಒಂದು ಕಿಡಿ ಒಳಗೆ ಬಿದ್ದರೆ ಗೋಪುರವೇ ಹೊಗೆಗೂಡಾಗುತ್ತದೆ. ತೈಲ ಶುದ್ಧೀಕರಣದ ಗೋಪುರಗಳಲ್ಲಿ ಕಿಡಿಯೂ ಬೇಡ. ಲೋಹದ ಪ್ಯಾಕಿಂಗಿನ ಮೇಲೆ ಕೂತ ಕಬ್ಬಿಣದ ಸಲ್ಫೈಡ್ ಒಣಗಿ ಗಾಳಿ ತಾಕಿದರೆ ತಾನೇ ಹೊತ್ತುತ್ತದೆ. ಆದುದರಿಂದ ಅದನ್ನು ಹೊರತೆಗೆಯುವವರೆಗೂ ಒದ್ದೆಯಾಗಿಯೇ ಇಡುತ್ತಾರೆ.

ಇನ್ನು ಗುತ್ತಿಗೆಯ ಕೆಲಸಕ್ಕೆ ಹೋಗುವ ತಮ್ಮಂದಿರಿಗೆ. ಒಳಗೆ ಇಳಿದ ಜೊತೆಗಾರ ಕುಸಿದರೆ ಬರಿಗೈಯಲ್ಲಿ ಹಿಂದೆಯೇ ಇಳಿಯಬೇಡಿ. ಹಗೇವಿನಲ್ಲಿ ಒಬ್ಬನ ಹಿಂದೆ ಇನ್ನೊಬ್ಬ ಹೋಗಿ ಇಬ್ಬರೂ ಉಳಿಯದ ಕಥೆ ನಮ್ಮ ಸೀಮೆಗೆ ಹೊಸದಲ್ಲ. ಹಗ್ಗ ಎಳೆಯಿರಿ, ಕೂಗಿ, ಉಪಕರಣ ತೊಟ್ಟವರನ್ನು ಕರೆಯಿರಿ. ಇಳಿಯುವ ಮೊದಲೇ ಪತ್ರ ಎಲ್ಲಿ, ಮೀಟರಿನ ಅಂಕಿ ಎಷ್ಟು, ಹಗ್ಗ ಹಿಡಿಯುವವರು ಯಾರು ಎಂದು ಕೇಳಿರಿ. ಉತ್ತರ ಬರುವವರೆಗೆ ಬಾಗಿಲ ಹೊರಗೇ ನಿಲ್ಲಿರಿ. ಒಂದು ದಿನದ ಪಗಾರ ಹೋದೀತು, ಹೋಗಲಿ.