ಕಾಳಿಯ ಅಡವಿಯಲ್ಲಿ ಎರಡು ದಿನ

(ಸಂಘದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ಅಡವಿಗೆ ಹೋಗಿ ಹುಲಿಯನ್ನು ಕಾಣದೆ ಬಂದವರಿಗೆ ಭಾಷಣ ಮಾಡುವ ಅಧಿಕಾರ ಎಲ್ಲಿಯದೆಂದು ತಾವು ಕೇಳಬಹುದು. ನಮ್ಮ ಮನೆಯಲ್ಲಿಯೂ ಕೇಳಿದ್ದಾರೆ. ಆದರೆ ಕಾರ್ಯದರ್ಶಿಗಳು ಬಿಡಲಿಲ್ಲ, ಕಂಡಷ್ಟನ್ನು ಹೇಳುತ್ತೇವೆ.

ಕಳೆದ ಶಿವರಾತ್ರಿಯ ರಜೆಯಲ್ಲಿ ನಾವು ಮೂರು ಸಂಸಾರದವರು ಪುಣೆಯಲ್ಲಿ ರಾತ್ರಿಯ ರೈಲು ಹತ್ತಿ, ಮಿರಜ, ಬೆಳಗಾವಿಗಳನ್ನು ದಾಟಿ ಅಳ್ನಾವರದಲ್ಲಿ ಇಳಿದೆವು. ಅಲ್ಲಿಂದ ದಾಂಡೇಲಿಗೆ ಬಸ್ಸು. ಇಲ್ಲಿಯೇ ಹುಟ್ಟಿ ಬೆಳೆದ ಮಕ್ಕಳಿಗೆ ನಮ್ಮ ನಾಡಿನ ಕಾಡನ್ನು ತೋರಿಸಬೇಕೆಂಬುದು ನಮ್ಮ ಹಂಬಲ. 2007ರಲ್ಲಿ ದಾಂಡೇಲಿ-ಅಣಶಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಈ ಅಡವಿಗೆ 2015ರಿಂದ ಕಾಳಿ ನದಿಯ ಹೆಸರು.

ನಸುಕಿನಲ್ಲಿ ಕುಳಗಿಯ ಬಳಿಯಿಂದ ಜೀಪು ಹೊರಟಿತು. ಮೊಸಳೆಯ ಬೆನ್ನಿನಂತೆ ತೊಗಟೆ ಒಡೆದ ಮತ್ತಿಯ ಮರಗಳು, ಅವುಗಳ ನಡುವೆ ಬಿದಿರ ಮೆಳೆ, ತರಗೆಲೆಯ ಮೇಲೆ ಇಬ್ಬನಿ ತೊಟ್ಟಿಕ್ಕುವ ಸದ್ದು. ಒಂದು ತಿರುವಿನಲ್ಲಿ ಕಾಡುಕೋಣಗಳ ಹಿಂಡು ನಿಂತಿತ್ತು. ಮೊಣಕಾಲಿನ ಕೆಳಗೆ ಬಿಳಿಯ ಕಾಲುಚೀಲ ತೊಟ್ಟಂತಹ ಆ ಭಾರಿ ಪ್ರಾಣಿಗಳು ನಮ್ಮನ್ನು ಗಳಿಗೆ ಹೊತ್ತು ನೋಡಿ, ನೋಡುವಂಥದ್ದೇನೂ ಇಲ್ಲವೆಂದು ತೀರ್ಮಾನಿಸಿ, ಮೇಯತೊಡಗಿದವು.

ಆಮೇಲೆ ಕೊಂಬೆಯಿಂದ ಕೊಂಬೆಗೆ ಕಂದುಕೆಂಪು ಬಣ್ಣದ ಉದ್ದ ಬಾಲದ ಪ್ರಾಣಿಯೊಂದು ಹಾರಿತು. "ಕೆಂದಳಿಲು ನೋಡಿ" ಎಂದು ನಾವು ಹಿರಿಯರು ಅಭಿಮಾನದಿಂದ ಹೇಳುವಷ್ಟರಲ್ಲಿ ಹುಡುಗನೊಬ್ಬ "ಅರೇ, ಇದು ಶೇಕರು! ಭೀಮಾಶಂಕರದಲ್ಲಿ ಕಂಡಿದ್ದೇನೆ" ಎಂದ. ಅವನ ಮಾತು ನಿಜ. ಮಹಾರಾಷ್ಟ್ರದ ರಾಜ್ಯಪ್ರಾಣಿ ಇದೇ. ನಮ್ಮದೆಂದು ತೋರಿಸಹೊರಟದ್ದು ಅವನಿಗೆ ಆಗಲೇ ತನ್ನದಾಗಿತ್ತು. ನಾವು ಸ್ವಲ್ಪ ಪೆಚ್ಚಾದೆವು.

ನಮ್ಮೊಡನಿದ್ದ ಮಾರ್ಗದರ್ಶಿ ಜೊಯಿಡಾ ಕಡೆಯ ಕುಣಬಿ. ನಮ್ಮೊಡನೆ ಕನ್ನಡ, ಚಾಲಕನೊಡನೆ ಕೊಂಕಣಿ, ಮಕ್ಕಳೊಡನೆ ಮರಾಠಿ. ಆತ ದೊಡ್ಡ ಮರವೊಂದರ ಪೊಟರೆಯನ್ನು ದೂರದಿಂದ ತೋರಿಸಿದ. ಒಳಗೆ ಹೆಣ್ಣು ಮಂಗಟ್ಟೆ ಹಕ್ಕಿ ಬಾಗಿಲು ಮುಚ್ಚಿಕೊಂಡು ಕುಳಿತಿದೆಯಂತೆ. ಉಳಿದಿರುವುದು ಕೊಕ್ಕು ತೂರುವಷ್ಟು ಸೀಳು ಮಾತ್ರ. ಕಾದು ಕುಳಿತೆವು. ಉಗಿಬಂಡಿಯಂತೆ ರೆಕ್ಕೆಯ ಸದ್ದು ಮಾಡುತ್ತ ಗಂಡು ಬಂದು, ಗಂಟಲಿನಿಂದ ಒಂದೊಂದೇ ಹಣ್ಣನ್ನು ತೆಗೆದು ಸೀಳಿನೊಳಕ್ಕೆ ಕೊಟ್ಟಿತು. ನಮ್ಮ ಮಹಿಳೆಯರು ತಮ್ಮ ಯಜಮಾನರ ಕಡೆಗೊಮ್ಮೆ ನೋಡಿದರು. ಈ ಹಕ್ಕಿಗೆ ಮುದಿಮರವೇ ಬೇಕು. ಎಳೆಯ ಮರದಲ್ಲಿ ಅಷ್ಟು ದೊಡ್ಡ ಪೊಟರೆ ಎಲ್ಲಿಂದ ಬರಬೇಕು?

ಹುಲಿಯ ಗುರುತಾಗಿ ನಮಗೆ ದೊರೆತದ್ದು ಕಾಂಡದ ಮೇಲಿನ ಉಗುರ ಗೀರು ಮಾತ್ರ. ಆದರೆ ಅಲ್ಲಿ ಕೇಳಿದ ಸಂಗತಿ ಮನಸ್ಸಿನಿಂದ ಹೋಗಿಲ್ಲ. 2018ರಲ್ಲಿ ಮಹಾರಾಷ್ಟ್ರದ ಸಹ್ಯಾದ್ರಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಕ್ಯಾಮೆರಾಕ್ಕೆ ಸಿಕ್ಕಿದ್ದ ಗಂಡು ಹುಲಿಯೊಂದು 2020ರಲ್ಲಿ ಕಾಳಿಯ ಅಡವಿಯಲ್ಲಿ ಕಾಣಿಸಿಕೊಂಡಿತು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿರುವುದಿಲ್ಲವಾದ್ದರಿಂದ ಗುರುತು ಹಿಡಿದರು. ಎರಡು ಅಡವಿಗಳ ನಡುವೆ ಇನ್ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ನಾವು ರೈಲಿನಲ್ಲಿ ನಿದ್ದೆ ಮಾಡುತ್ತ ದಾಟಿದ ಸೀಮೆಯನ್ನು ಅದು ಘಟ್ಟದ ಕಾಡುಕಾಡನ್ನೇ ಹಿಡಿದು ನಡೆದಿರಬೇಕು. ಆ ಕಾಡಿನ ಎಳೆ ಎಲ್ಲಿಯಾದರೂ ತುಂಡಾದರೆ ಮುಂದಿನ ಹುಲಿಗೆ ಆ ದಾರಿಯಿಲ್ಲ. ನಮಗೇನೋ ಟಿಕೆಟ್ಟು ದೊರೆಯುತ್ತದೆ.

ಸಂಜೆ ಚಹಾ ಕುಡಿಯುವಾಗ ಮಾರ್ಗದರ್ಶಿಯನ್ನು ಊರು ಯಾವುದೆಂದು ಕೇಳಿದೆವು. "ಅಜ್ಜನ ಊರು ನೀರಿನೊಳಗೈತಿ, ಸಾಹೇಬರೇ" ಎಂದ. 1987ರಲ್ಲಿ ಮುಗಿದ ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ಸೂಪಾ ಪಟ್ಟಣವೂ ಸುತ್ತಣ ಹಳ್ಳಿಗಳೂ ಮುಳುಗಿವೆ. ಊರು ಬಿಟ್ಟು ಬಂದವರು ನಾವೂ ಹೌದು. ಆದರೆ ನಮ್ಮ ಊರುಗಳು ಇದ್ದಲ್ಲಿಯೇ ಇವೆ, ದೀಪಾವಳಿಗೆ ಹೋಗಿಬರುತ್ತೇವೆ. ಅವನೆದುರು ನಾವು ಪರಸ್ಥಳದವರ ಕಷ್ಟವನ್ನು ಹೇಳಿಕೊಳ್ಳಲು ನಾಚಿಕೆಯಾಯಿತು.

ಇನ್ನೊಂದು ಮಾತು. 1956ರ ನವೆಂಬರ್ 1ರ ತನಕ ಆ ಅಡವಿಯೂ ನಮ್ಮ ಪುಣೆಯೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. ರಾಜ್ಯೋತ್ಸವದ ಹಬ್ಬವನ್ನು ನಾವು ಸಂತೋಷದಿಂದಲೇ ಆಚರಿಸುತ್ತೇವೆ; ಕೆಂದಳಿಲಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಮುಂದಿನ ಶಿವರಾತ್ರಿಗೆ ಮತ್ತೆ ಹೊರಡುವವರಿದ್ದೇವೆ. ಬರುವವರು ಹೆಸರು ಕೊಡಿ. ಬಿಳಿಯ ಅಂಗಿ ಬೇಡ, ಅತ್ತರು ಬೇಡ; ಚಕ್ಕುಲಿಯ ಡಬ್ಬವನ್ನು ದಯವಿಟ್ಟು ಜೀಪಿನಲ್ಲಿ ತೆರೆಯಬೇಡಿ. ಈ ಸಲ ಕಡವೆಯೊಂದು ಓಡಿಹೋದದ್ದು ಆ ಸದ್ದಿಗೇ, ತೆರೆದವರೂ ನಾವೇ.